ಮಳೆಕಾಡಿನ ನೀರು, ಹರಿಗೋಲಿನ ಊರು

ಹರಿಹರದಿಂದ ರಾಣೆಬೆನ್ನೂರಿನ ಕಡೆಗೆ ಹೊರಟ ಬಸ್ಸು ತುಂಗಭದ್ರೆಯ ಸೇತುವೆ ಏರುತ್ತಿದ್ದಂತೆ ಒಳಗಿನ ಮಾತು ಒಂದು ಕ್ಷಣ ತಗ್ಗುತ್ತದೆ. ಅಜ್ಜಿಯಂದಿರು ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ಹೊಳೆಗೆ ಎಸೆದು ಕೈ ಮುಗಿಯುತ್ತಾರೆ. ಕಿಟಕಿ ಪಕ್ಕ ಕೂತ ಮಕ್ಕಳು ನಾಣ್ಯ ನೀರಿಗೆ ಬಿತ್ತೋ ಬಂಡೆಗೆ ಬಿತ್ತೋ ಎಂದು ಕತ್ತು ಚಾಚುತ್ತಾರೆ. ಹಿಂದೆ ಉಳಿಯುವುದು ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಊರು. ಮುಂದೆ ಕಾಣುವುದು ಕಾರ್ಖಾನೆಯ ಹೊಗೆ ಕೊಳವೆಗಳು. ಅದೇ ಕುಮಾರಪಟ್ಟಣ.

ಇಂದು ಈ ಹೊಳೆ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ನಡುವಿನ ಗಡಿ. 1997ಕ್ಕೆ ಮೊದಲು ಚಿತ್ರದುರ್ಗ ಮತ್ತು ಧಾರವಾಡ ಜಿಲ್ಲೆಗಳ ಗಡಿಯಾಗಿತ್ತು. 1956ಕ್ಕೂ ಮೊದಲು ಇದು ರಾಜ್ಯಗಳದೇ ಗಡಿ. ಆಚೆ ದಡ ಮೈಸೂರು ಸಂಸ್ಥಾನ, ಈಚೆ ದಡ ಮುಂಬೈ ಪ್ರಾಂತ. ನೀರು ಕುಡಿಯಲು ಬಂದ ಎಮ್ಮೆಗೆ ಮಾತ್ರ ಅದು ತಿಳಿದಿರಲಿಲ್ಲ.

ಈ ಸೇತುವೆಯ ಮೇಲೆ ನಿಂತ ವಿದ್ಯಾರ್ಥಿ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಬಹುದು. ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು. ಮೆಣಸಿನಕಾಯಿ, ಜೋಳ, ಹತ್ತಿ ಬೆಳೆಯಲು ಅದು ಹೇಗೋ ಸಾಕು; ಇಷ್ಟು ದೊಡ್ಡ ಹೊಳೆಯನ್ನು ತುಂಬಲು ಖಂಡಿತ ಸಾಲದು. ಹಾಗಾದರೆ ಜೂನ್ ತಿಂಗಳಲ್ಲಿ, ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ, ಬಂಡೆಗಳನ್ನೆಲ್ಲ ಮುಳುಗಿಸಿಕೊಂಡು ಬರುವ ಆ ಕೆಂಪು ನೀರು ಯಾರದು?

ಉತ್ತರ ಹುಡುಕಲು ಹೊಳೆಗೆ ಎದುರಾಗಿ ಹೋಗಬೇಕು. ದಾರಿಯ ಕೆಲವು ಭಾಗ ದೋಣಿಯಲ್ಲಿ, ಕೆಲವು ಭಾಗ ಹರಿಗೋಲಿನಲ್ಲಿ, ಮೊದಲ ಭಾಗ ಮಾತ್ರ ಕಾಲ್ನಡಿಗೆಯಲ್ಲಿ.

ಉಂಬಳದ ರಾಜ್ಯ

ಪಶ್ಚಿಮ ಘಟ್ಟದ ಕುದುರೆಮುಖ ಶ್ರೇಣಿಯ ವರಾಹ ಪರ್ವತದಲ್ಲಿ ಗಂಗಾಮೂಲ ಎಂಬ ಸ್ಥಳವಿದೆ. ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಇಲ್ಲೇ. ವರಾಹಸ್ವಾಮಿಯ ಎರಡು ಕೋರೆಗಳಿಂದ ಇಳಿದ ನೀರೇ ಎರಡು ನದಿಗಳಾದವು ಎಂಬುದು ಪುರಾಣ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ನೇತ್ರಾವತಿ ಪಡುವಣಕ್ಕೆ ತಿರುಗಿ ಸ್ವಲ್ಪ ದೂರದಲ್ಲೇ ಅರಬ್ಬೀ ಸಮುದ್ರ ಸೇರುತ್ತಾಳೆ. ತುಂಗೆ ಭದ್ರೆಯರು ಮೂಡಣಕ್ಕೆ ತಿರುಗಿದ್ದರಿಂದ ಅವರ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗಬೇಕು. ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕ ಬಿದ್ದ ಎರಡು ಮಳೆಹನಿಗಳು ದೇಶದ ಎರಡು ತೀರಗಳನ್ನು ಸೇರಬಹುದು.

ಇದು ನಿಜವಾದ ಮಳೆಕಾಡಿನ ಸೀಮೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ರಾಣೆಬೆನ್ನೂರಿನ ಹತ್ತು ಪಟ್ಟು ಎಂದರೆ ಲೆಕ್ಕ ಸರಿಯಾಗುತ್ತದೆ. ಮಲೆನಾಡು ನೋಡಲು ಬಂದ ಬಯಲುಸೀಮೆಯ ಮಕ್ಕಳಿಗೆ ಇಲ್ಲಿ ದೋಣಿ ಸಿಗುವುದಿಲ್ಲ. ಹಳ್ಳಗಳು ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತವೆ. ದೋಣಿ ಇರಲಿ, ತೆಂಗಿನ ಚಿಪ್ಪೂ ನೆಟ್ಟಗೆ ತೇಲಲಾರದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಲಿಗೆ ಉಂಬಳ ಹತ್ತಿಸಿಕೊಂಡು ನಡೆಯುವುದೊಂದೇ ದಾರಿ. ಉಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಮದ್ದು. ಅದಕ್ಕಿಂತ ದೊಡ್ಡ ಮದ್ದು ಗಾಬರಿಯಾಗದಿರುವುದು.

ಕಾಡಿನೊಳಗೆ ಹೊಕ್ಕವರಿಗೆ ಮೊದಲು ಅನುಭವಕ್ಕೆ ಬರುವುದು ಕತ್ತಲು. ಮರಗಳ ತಲೆಗಳು ಒಂದಕ್ಕೊಂದು ಹೆಣೆದು ಚಪ್ಪರ ಹಾಕಿರುತ್ತವೆ. ಆ ಚಪ್ಪರದ ಮೇಲೆಯೇ ಬದುಕು ಕಳೆಯುವ ಪ್ರಾಣಿ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಸಿಂಹಕ್ಕಿರುವಂಥ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಈ ಕೋತಿ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರದಲ್ಲಿ ಹಣ್ಣಿರಬೇಕು, ಒಂದು ಮರದಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ ಹೋಗುವಂತಿರಬೇಕು. ಇವೆರಡು ಇದ್ದರೆ ಸಿಂಗಳೀಕ ಉಂಟು. ಕಾಡಿನ ನಡುವೆ ಅಗಲವಾದ ರಸ್ತೆಯೊಂದು ಬಂದರೆ ಅದರ ಊರು ಎರಡಾಗಿ ಸೀಳಿದಂತೆ. ಕೆಂದಳಿಲು, ಮಂಗಟ್ಟೆ ಹಕ್ಕಿ, ನೆಲದ ಮೇಲೆ ಹಾವುಗಳನ್ನೇ ತಿಂದು ಬದುಕುವ ಕಾಳಿಂಗ ಸರ್ಪ ಇವೂ ಇದೇ ಕಾಡಿನ ಒಕ್ಕಲುಗಳು. ಕಾಳಿಂಗವನ್ನು ಅಭ್ಯಾಸ ಮಾಡಲೆಂದೇ ಆಗುಂಬೆಯಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವೊಂದನ್ನು ಹಾವು ತಜ್ಞ ರಾಮ್ಯುಲಸ್ ವಿಟೇಕರ್ ಆರಂಭಿಸಿದರು.

ಕುಮಾರಪಟ್ಟಣದ ನೀರಿಗೂ ಸಿಂಗಳೀಕಕ್ಕೂ ಏನು ಸಂಬಂಧ? ಎಲೆಗೊಂಚಲಿಗೆ ಬಡಿದ ಮಳೆಯ ಹೊಡೆತ ಮುರಿದು ಹನಿಹನಿಯಾಗಿ ಕೆಳಗಿಳಿಯುತ್ತದೆ. ನೆಲದಲ್ಲಿ ಕೊಳೆತ ಎಲೆಯ ದಪ್ಪ ಹಾಸು. ಅದರಡಿ ಬೇರಿನ ಬಲೆ. ನೀರು ಓಡಿಹೋಗುವ ಬದಲು ಒಳಗಿಳಿಯುತ್ತದೆ. ಬೆಟ್ಟದ ನೆತ್ತಿಯ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಸೇರಿ ಹೀಗೆ ನೀರನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಜಿನುಗಿಸುತ್ತವೆ. ಸಿಂಗಳೀಕ, ಮಂಗಟ್ಟೆಗಳು ತಿಂದು ಉಗುಳಿದ ಬೀಜಗಳೇ ಆ ಕಾಡಿನ ಮುಂದಿನ ತಲೆಮಾರು. ಬೇಸಿಗೆಯಲ್ಲಿ ಹೊಳೆಯಲ್ಲಿ ಒಂದಿಷ್ಟು ನೀರಿದ್ದರೆ ಅದಕ್ಕೆ ಆ ಕೋತಿಯೂ ಒಬ್ಬ ಕೂಲಿಯಾಳು.

ಇದೇ ಬೆಟ್ಟದಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಾಲು ಶತಮಾನ ಗಣಿಗಾರಿಕೆ ನಡೆಸಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಭದ್ರೆಗೆ ಇಳಿಯುವ ಹೂಳಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಒಂದು ಊರಿಗೆ ಊರೇ ಖಾಲಿಯಾಗಿ, ಕುದುರೆಮುಖದ ಕ್ವಾರ್ಟರ್ಸುಗಳು ಪಾಚಿ ಹಿಡಿದು ನಿಂತವು. ಅಲ್ಲಿ ಓದಿ ಬೆಳೆದವರಿಗೆ ಅದು ಸಂತೋಷದ ನೆನಪೇನೂ ಅಲ್ಲ.

ತುಂಗೆಯ ದಡದಲ್ಲಿ

ತುಂಗೆಯದು ಹೆಚ್ಚು ಜನ ಬಲ್ಲ ದಾರಿ. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಹುಟ್ಟಿದ ನದಿ. ಶೃಂಗೇರಿಯ ಮೆಟ್ಟಿಲ ಬಳಿ ಮಂಡಕ್ಕಿ ಎಸೆದರೆ ತೋಳುದ್ದದ ಮೀನುಗಳು ಬಾಯಿ ತೆರೆದು ಮೇಲೇಳುತ್ತವೆ. ದೇವರ ಮೀನೆಂಬ ಭಕ್ತಿಯಿಂದ ಇಲ್ಲಿ ಯಾರೂ ಬಲೆ ಹಾಕುವುದಿಲ್ಲ. ಮೀನು ಇಲಾಖೆಯ ಕಾನೂನು ಹುಟ್ಟುವುದಕ್ಕೆ ಎಷ್ಟೋ ಮೊದಲು ಭಕ್ತಿ ಕಾಯ್ದುಕೊಂಡು ಬಂದ ಮಡುವು ಇದು.

ತೀರ್ಥಹಳ್ಳಿ ದಾಟಿ ಶಿವಮೊಗ್ಗದ ದಾರಿಯಲ್ಲಿ ಬರುವ ಮಂಡಗದ್ದೆಯನ್ನು ಮಳೆಗಾಲದಲ್ಲೇ ನೋಡಬೇಕು. ಹೊಳೆ ತುಂಬಿದಾಗ ನಡುಗಡ್ಡೆಯ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಲ್ಲುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಗೆ ಆಗಲೇ ಗೂಡು ಕಟ್ಟುವ ಸಂಭ್ರಮ. ಸುತ್ತ ಪ್ರವಾಹವಿದ್ದಷ್ಟೂ ಮೊಟ್ಟೆ ಕದಿಯುವವರ ಭಯ ಕಡಿಮೆ ಎಂಬುದು ಅವುಗಳ ಲೆಕ್ಕಾಚಾರ. ರಸ್ತೆ ಬದಿಯಿಂದಲೇ ಎಲ್ಲ ಕಾಣುತ್ತದೆ. ಮುಂದೆ ಗಾಜನೂರಿನ ಅಣೆಕಟ್ಟು, ಅದರ ಹಿನ್ನೀರಿನಲ್ಲಿ ಸಕ್ರೆಬೈಲಿನ ಆನೆ ಬಿಡಾರ. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ಮಲಗಿಸಿ ಮೈ ಉಜ್ಜುವುದನ್ನು ನೋಡಿದ ಮಕ್ಕಳು ಮನೆಗೆ ಬಂದು ತಿಂಗಳ ಕಾಲ ಅದನ್ನೇ ಹೇಳುತ್ತಾರೆ.

ಭದ್ರೆಯ ಹಿನ್ನೀರಿನಲ್ಲಿ ದೋಣಿ

ಕಾಡನ್ನು ದೋಣಿಯಿಂದ ನೋಡಬೇಕೆನ್ನುವವರು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ ಬರಬೇಕು. ಭದ್ರಾ ಅಣೆಕಟ್ಟು ಕಣಿವೆಯನ್ನು ತಡೆದು ನಿಲ್ಲಿಸಿದ ನೀರಿನ ಒಂದು ಮಗ್ಗುಲಿಗೆ ಭದ್ರಾ ಅಭಯಾರಣ್ಯ ಹಬ್ಬಿದೆ. 1998ರಿಂದ ಅದು ಹುಲಿ ಯೋಜನೆಗೆ ಸೇರಿದೆ. ನಿಜ ಹೇಳಬೇಕೆಂದರೆ ಇಲ್ಲಿನ ಕಾಡಿನ ಬಹುಭಾಗ ಮಳೆಕಾಡಲ್ಲ. ತೇಗ, ಮತ್ತಿ, ಹೊನ್ನೆ, ಬಿದಿರುಗಳ ಎಲೆ ಉದುರುವ ಕಾಡು. ಆದರೆ ನೀರು ಮಾತ್ರ ಮೇಲಿನ ಮಳೆಕಾಡಿನದು.

ಬೆಳಗಿನ ದೋಣಿ ಹೊರಡುವಾಗ ನೀರಿನ ಮೇಲೆ ಮಂಜು. ಅಣೆಕಟ್ಟು ಕಟ್ಟಿದಾಗ ಮುಳುಗಿ ಸತ್ತ ಮರಗಳ ಬೋಳು ಕೊಂಬೆಗಳು ಅಲ್ಲಲ್ಲಿ ತಲೆ ಎತ್ತಿವೆ. ಒಂದೊಂದು ಕೊಂಬೆಯ ಮೇಲೂ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುವ ನೀರುಕಾಗೆ. ಚಳಿಗಾಲವಾದರೆ ದೂರದ ಉತ್ತರದಿಂದ ಬಂದ ಮೀನುಹಿಡುಕ ಡೇಗೆ. ದಡದ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಮಕ್ಕಳು ಮೊದಲು ಮರದ ದಿಮ್ಮಿ ಎಂದೇ ತಿಳಿಯುತ್ತಾರೆ. ಎಂಜಿನ್ ನಿಲ್ಲಿಸಿ ದೋಣಿಯನ್ನು ತೇಲಲು ಬಿಟ್ಟಾಗ ದಿಮ್ಮಿ ಸದ್ದಿಲ್ಲದೆ ನೀರಿಗೆ ಜಾರುತ್ತದೆ.

ಜೀಪಿಗಿಂತ ದೋಣಿ ಮೇಲು ಎನ್ನಲು ಕಾರಣವಿದೆ. ಕಾಡಿನ ಪ್ರಾಣಿಗಳಿಗೆ ಅಪಾಯ ಬರುವುದು ಸಾಮಾನ್ಯವಾಗಿ ನೆಲದ ಕಡೆಯಿಂದ. ನೀರಿನ ಕಡೆಯಿಂದ ಬಂದದ್ದನ್ನು ಅವು ಅಷ್ಟಾಗಿ ಅನುಮಾನಿಸುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಸಂಜೆ ಆನೆಗಳ ಹಿಂಡು ಮರಿಗಳ ಸಮೇತ ಇಳಿದು ಬರುತ್ತದೆ. ಕಾಟಿ, ಚುಕ್ಕೆ ಜಿಂಕೆ, ಒಮ್ಮೊಮ್ಮೆ ನೀರುನಾಯಿಯ ಸಂಸಾರ. ಹುಲಿ ಕಂಡೇ ತೀರಬೇಕೆಂದು ಹೋದವರು ಹೆಚ್ಚಾಗಿ ಮುಖ ಸಣ್ಣ ಮಾಡಿಕೊಂಡು ಮರಳುತ್ತಾರೆ. ಉಳಿದವರು ರೀವ ಹಕ್ಕಿಗಳನ್ನು ನೋಡಿ ಬರುತ್ತಾರೆ.

ನದಿ ರೀವ ಪಾರಿವಾಳದಷ್ಟು ದೊಡ್ಡ ಹಕ್ಕಿ. ಬೂದು ಬಿಳಿ ಮೈ, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಹಿನ್ನೀರು ಇಳಿಯುತ್ತ ಬಂದು ನಡುವೆ ದಿಬ್ಬಗಳು ತಲೆ ಎತ್ತಿದಾಗ ಇವು ನೂರುಗಟ್ಟಲೆ ಸಂಖ್ಯೆಯಲ್ಲಿ ಅಲ್ಲಿಗೆ ಇಳಿಯುತ್ತವೆ. ಗೂಡೆಂದರೆ ನೆಲದಲ್ಲಿ ಕೆರೆದ ಒಂದು ಚಿಕ್ಕ ಗುಳಿ, ಅಷ್ಟೇ. ಅದರಲ್ಲಿ ಎರಡೋ ಮೂರೋ ಮೊಟ್ಟೆ. ಬಣ್ಣ ಥೇಟ್ ಸುತ್ತಲಿನ ಬೆಣಚುಕಲ್ಲಿನದು. ನೆರಳೆಂಬುದೇ ಇಲ್ಲದ ಆ ದಿಬ್ಬದಲ್ಲಿ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯದಂತೆ ತಾಯಿ ತಂದೆ ಸರದಿಯಲ್ಲಿ ರೆಕ್ಕೆ ಹರಡಿ ನಿಲ್ಲುತ್ತವೆ, ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಕೊಡುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ದಿಬ್ಬ ಏಳಬೇಕಾದರೆ ನೀರು ಇಳಿಯಬೇಕು. ನೀರು ಇಳಿಯುವುದು ನಾಲೆಗೆ ಬಿಟ್ಟಾಗ. ಆ ನಾಲೆಯ ನೀರು ಹೋಗುವುದು ಭದ್ರಾವತಿ, ದಾವಣಗೆರೆ, ಹರಿಹರದ ಭತ್ತದ ಗದ್ದೆಗೆ. ಹೀಗೆ ಕುಮಾರಪಟ್ಟಣದ ಎದುರು ದಡದ ರೈತ ಬೇಸಿಗೆ ಬೆಳೆಗೆ ನೀರು ಹಾಯಿಸಿದಾಗ, ಮಲೆನಾಡಿನಲ್ಲಿ ರೀವ ಹಕ್ಕಿಗೆ ಬಾಣಂತಿಕೋಣೆ ಸಿದ್ಧವಾಗುತ್ತದೆ. ಇಬ್ಬರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ. ಅಕಾಲ ಮಳೆ ಬಂದು ನೀರು ದಿಢೀರನೆ ಏರಿದರೆ ಮಾತ್ರ ಆ ವರ್ಷದ ಮೊಟ್ಟೆಗಳೆಲ್ಲ ಹೊಳೆಪಾಲು.

ಈ ಕಾಡಿನೊಳಗೆ ಹಿಂದೆ ಹಳ್ಳಿಗಳಿದ್ದವು. ಮಡ್ಲ, ಹಿಪ್ಲ, ಕೇಸವೆ ಅವುಗಳಲ್ಲಿ ಕೆಲವು. ಮಳೆಗಾಲದಲ್ಲಿ ದಾರಿ ಮುಚ್ಚುತ್ತಿತ್ತು, ಬೆಳೆದ ಪೈರಿನಲ್ಲಿ ಆನೆ ಹಂದಿಗಳಿಗೇ ಮೊದಲ ಪಾಲು. ಇತ್ತ ಹಳ್ಳಿಯ ದನಗಳಿಂದ ಕಾಡಿಗೂ ತೊಂದರೆ. 1980ರ ದಶಕದ ಕೊನೆಯಲ್ಲಿ ದೊಡ್ಡರೋಗ ಹಬ್ಬಿ ಇಲ್ಲಿನ ಕಾಟಿಗಳು ಗುಂಪುಗುಂಪಾಗಿ ಸತ್ತವು. (ಆ ರೋಗ ಭೂಮಿಯ ಮೇಲಿಂದಲೇ ಅಳಿಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಸಾರಿದ್ದು 2011ರಲ್ಲಿ.) 2001-02ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಕಾಡು ಬಿಟ್ಟು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೆ, ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೆ ಬಂದು ನೆಲೆಸಿದವು. ನೀರಾವರಿ ಜಮೀನು, ಮನೆ, ಶಾಲೆ, ಕರೆಂಟು ಸಿಕ್ಕವು. ದೇಶದಲ್ಲಿ ಒಂದಿಷ್ಟು ಚೆನ್ನಾಗಿ ನಡೆದ ಪುನರ್ವಸತಿಗಳ ಸಾಲಿನಲ್ಲಿ ಇದರ ಹೆಸರು ಹೇಳುತ್ತಾರೆ. ಆದರೂ ಅಜ್ಜ ನೆಟ್ಟ ಹಲಸಿನ ಮರವನ್ನು ಯಾವ ಪುನರ್ವಸತಿಯೂ ಬುಡಸಹಿತ ಕಿತ್ತು ತಂದುಕೊಡಲಾರದು. ದೋಣಿಯಲ್ಲಿ ಕೂತು ಕಾಡಿನ ಮೌನವನ್ನು ಮೆಚ್ಚುವವರು ಆ ಮೌನಕ್ಕಾಗಿ ಎದ್ದುಹೋದವರನ್ನೂ ನೆನೆಯುವುದು ನ್ಯಾಯ.

ಕಾರ್ಖಾನೆಯ ಎದುರಿನ ಹೊಳೆ

ಶಿವಮೊಗ್ಗದ ಕೆಳಗೆ ಕೂಡ್ಲಿಯಲ್ಲಿ ಅಕ್ಕತಂಗಿಯರು ಕೂಡುತ್ತಾರೆ. ಅಲ್ಲಿಂದ ಮುಂದೆ ತುಂಗೆಯೂ ಇಲ್ಲ, ಭದ್ರೆಯೂ ಇಲ್ಲ, ತುಂಗಭದ್ರೆ. ಹೊನ್ನಾಳಿ ದಾಟಿ, ಸೂಳೆಕೆರೆಯಿಂದ ಬರುವ ಹರಿದ್ರೆಯನ್ನು ಹರಿಹರದಲ್ಲಿ ಸೇರಿಸಿಕೊಂಡು ಕುಮಾರಪಟ್ಟಣದ ಮುಂದೆ ಬರುತ್ತದೆ.

1972ರಲ್ಲಿ ಇಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಮರವನ್ನು ಚೂರು ಮಾಡಿ, ರಾಸಾಯನಿಕ ದ್ರಾವಣದಲ್ಲಿ ಬೇಯಿಸಿ, ಬಿಳುಪು ಮಾಡಿ ತಿರುಳು ತೆಗೆಯುವುದು ಇದರ ಕೆಲಸ. ಪಕ್ಕದ ಗ್ರಾಸಿಲೀನ್ ಘಟಕದಲ್ಲಿ ಆ ತಿರುಳಿನಿಂದ ರೇಯಾನ್ ಬಟ್ಟೆಯ ಎಳೆ ತಯಾರಾಗುತ್ತದೆ. ಸಣ್ಣ ಊರು ಕಾಲೊನಿ, ಶಾಲೆ, ಆಸ್ಪತ್ರೆ ಕಂಡಿತು. ಸಾವಿರಾರು ಮನೆಗಳಲ್ಲಿ ತಿಂಗಳ ಸಂಬಳದ ಒಲೆ ಹೊತ್ತಿತು. ಇದಕ್ಕೆ ಎರಡು ವಸ್ತು ಬೇಕಾದವು: ಹೊಳೆಯ ನೀರು ಮತ್ತು ನೀಲಗಿರಿ ಮರ.

1980ರ ದಶಕದಲ್ಲಿ ಕೆಳಗಿನ ದಂಡೆಯ ಹಳ್ಳಿಗಳಿಂದ ದೂರು ಏಳತೊಡಗಿತು. ನೀರಿನ ಬಣ್ಣ ಕಂದು, ವಾಸನೆ ಬೇರೆ, ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ, ದನ ನೀರು ಮುಟ್ಟುವುದಿಲ್ಲ, ಇಳಿದವರಿಗೆ ಮೈ ತುರಿಕೆ. ಇದರ ಹಿಂದಿನ ವಿಜ್ಞಾನ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಮರದ ರಸದಂಥ ಸಾವಯವ ವಸ್ತು ನೀರಿಗೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನೇ ಬಳಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಹೊಳೆಗೆ ಇದು ಲೆಕ್ಕಕ್ಕಿಲ್ಲ. ಮಾರ್ಚಿಯಲ್ಲಿ ಹರಿವು ಬಚ್ಚಲಿನಷ್ಟಾದಾಗ ಅದೇ ಪ್ರಮಾಣದ ಕೊಳೆ ಮೀನಿನ ಉಸಿರು ಕಟ್ಟಿಸುತ್ತದೆ.

1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಈ ಹಳ್ಳಿಗರ ಜೊತೆ ನಿಂತಿತು. ಅಷ್ಟರಲ್ಲಿ ನೀಲಗಿರಿಯ ಪ್ರಶ್ನೆಯೂ ಎದ್ದಿತ್ತು. ಕಾರ್ಖಾನೆಗೆ ಮರ ಒದಗಿಸಲು ಸರಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿ, ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 75,000 ಎಕರೆ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿದ್ದವು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಭೂಮಿ ಅದು. ಕೋಟ ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಯನ್ನು ಕಿತ್ತು ಆ ಜಾಗದಲ್ಲಿ ಊರಿಗೆ ಬೇಕಾದ ಹಣ್ಣಿನ, ಮೇವಿನ ಗಿಡ ನೆಡುವುದು. ಹೊಡೆದಾಟವಿಲ್ಲ, ಬೈಗುಳವಿಲ್ಲ. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಕಾರ್ಖಾನೆ ಉಳಿಯಿತು. ಹೊಳೆಗೆ ಬಿಡುವ ನೀರನ್ನು ಶುದ್ಧಿ ಮಾಡುವ ವ್ಯವಸ್ಥೆ ಕ್ರಮೇಣ ಬೆಳೆಯಿತು. ದೂರುಗಳು ಪೂರ್ತಿ ನಿಲ್ಲಲಿಲ್ಲ. ಒಬ್ಬರ ಮೇಲೆಯೇ ಬೆರಳು ಮಾಡಿದರೆ ಸುಲಭ, ಆದರೆ ಸರಿಯಲ್ಲ. ಶಿವಮೊಗ್ಗದಿಂದ ಹಿಡಿದು ಹರಿಹರದವರೆಗೆ ಪಟ್ಟಣಗಳ ಚರಂಡಿ ನೀರು ಇದೇ ಹೊಳೆಗೆ ಬೀಳುತ್ತದೆ, ಗದ್ದೆಗೆ ಹಾಕಿದ ಗೊಬ್ಬರ ಔಷಧಿಗಳೂ ತೊಳೆದು ಬರುತ್ತವೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಭಾಗಗಳಲ್ಲಿ ತುಂಗೆಯದೂ ಇತ್ತು, ಭದ್ರೆಯದೂ ಇತ್ತು, ಹರಿಹರದಿಂದ ಹರಳಹಳ್ಳಿ ಸೇತುವೆಯವರೆಗಿನ ತುಂಗಭದ್ರೆಯದೂ ಇತ್ತು. 2024ರ ನವೆಂಬರಿನಲ್ಲಿ ನದಿಯನ್ನು ನಿರ್ಮಲವಾಗಿಡಿ ಎಂದು ಶೃಂಗೇರಿಯಿಂದ ಹೊರಟ ಪಾದಯಾತ್ರಿಗಳು ದಂಡೆಯುದ್ದಕ್ಕೂ ನಡೆದು ಹರಿಹರ ಮುಟ್ಟಿದರು. ಅವರ ಜೊತೆ ದಾರಿಯುದ್ದಕ್ಕೂ ಶಾಲಾ ಮಕ್ಕಳೂ ಹೆಜ್ಜೆ ಹಾಕಿದ್ದುಂಟು.

ಬುಟ್ಟಿಯಂಥ ದೋಣಿ

ಕುಮಾರಪಟ್ಟಣದಿಂದ ಕೆಳಕ್ಕೆ ಹೊಳೆ ಅಗಲವಾಗುತ್ತದೆ, ಅವಸರ ಬಿಡುತ್ತದೆ. ಇನ್ನು ಹರಿಗೋಲಿನ ಸೀಮೆ. ಐರಣಿಯ ಹಾಳು ಕೋಟೆ, ಚೌಡಯ್ಯದಾನಪುರ, ಮುಂದೆ ವರದಾ ನದಿ ಬಂದು ಕೂಡುವ ಗಳಗನಾಥ, ಎಲ್ಲವೂ ಹೊಳೆಗೆ ಮುಖ ಮಾಡಿ ಕೂತ ಊರುಗಳು. ಇಲ್ಲಿಯವರ ಬಾಯಲ್ಲಿ ನದಿ ಎಂಬ ಮಾತು ಕಡಿಮೆ. ಅವರಿಗೆ ಅದು ‘ಹೊಳಿ’.

ಹರಿಗೋಲು ದುಂಡಗಿನ ದೋಣಿ. ಸೀಳಿದ ಬಿದಿರನ್ನು ನೆಲದ ಮೇಲೆ ನಕ್ಷತ್ರದಂತೆ ಹಾಸಿ, ಅಡ್ಡಡ್ಡ ಹೆಣೆದು, ಅಂಚನ್ನು ಮೇಲಕ್ಕೆ ಬಗ್ಗಿಸಿ ಕಟ್ಟುತ್ತಾರೆ. ದೊಡ್ಡ ಬುಟ್ಟಿಯಂತಾದ ಅದಕ್ಕೆ ಹಿಂದೆ ಹೊರಗಿನಿಂದ ಚರ್ಮ ಹೊದಿಸುತ್ತಿದ್ದರು. ಈಗ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮುಂದೆ ಹಿಂದೆ ಎಂಬುದೇ ಇದಕ್ಕಿಲ್ಲ. ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ಹೋಗಬೇಕು. ಕೈ ತಪ್ಪಿದರೆ ಬುಗುರಿಯಂತೆ ಸುತ್ತುತ್ತದೆ. ಇದರ ತಳ ಚಪ್ಪಟೆಯಾದ್ದರಿಂದ ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕುತ್ತದೆ. ಕಲ್ಲು ತುಂಬಿದ ತುಂಗಭದ್ರೆಗೆ ಇದಕ್ಕಿಂತ ತಕ್ಕ ದೋಣಿ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯಲ್ಲಿ ಇದೇ ಬಗೆಯ ಬುಟ್ಟಿದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನ ಕೂಡುವ ಇವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆಂದು ಬೆರಗಾಗಿ ಬರೆದಿದ್ದಾನೆ. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ ಮಾತ್ರ.

ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಊರು ಈ ದಂಡೆಯ ಚೌಡಯ್ಯದಾನಪುರವೇ. ದೋಣಿ ನಡೆಸುವ ಕಾಯಕದವನು, ವಚನಕಾರರಲ್ಲೆಲ್ಲ ಕಟು ಮಾತಿನವನು. ಅಲ್ಲಿನ ಮುಕ್ತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಕುಸುರಿ ಕೆಲಸಕ್ಕೆ ಹೆಸರಾದದ್ದು. ಗುಡಿಯ ಹಿಂದಿನ ಮೆಟ್ಟಿಲಿಳಿದರೆ ನೀರು. ಅಂಬಿಗೇರ, ಬಾರಕೇರ, ಸುಣಗಾರ ಎಂಬ ಮನೆತನದ ಹೆಸರುಗಳು ಈ ಊರುಗಳ ಶಾಲೆಯ ಹಾಜರಿ ಪುಸ್ತಕದಲ್ಲಿ ಇಂದಿಗೂ ಸಾಲಾಗಿ ಸಿಗುತ್ತವೆ.

ಸೇತುವೆಗಳು ಬರುವ ಮೊದಲು ಹೊಳೆಯಾಚೆ ನಿಂತು ‘ಯಜಮಾನ್ರ, ಹರಗೋಲ ತರ್ರೀ’ ಎಂದು ಕೂಗು ಹಾಕಿದರೆ ಅಂಬಿಗ ಉಣ್ಣುವುದನ್ನು ಬಿಟ್ಟು ಏಳಬೇಕಿತ್ತು. ಹೈಸ್ಕೂಲಿಗೆ ಹೋಗುವ ಹುಡುಗರು, ಬೀಗರೂಟಕ್ಕೆ ಹೊರಟವರು, ಸೈಕಲ್ಲು, ಕುರಿ, ಬೀಜದ ಚೀಲ, ಎಲ್ಲಕ್ಕೂ ಹರಿಗೋಲೇ. ಊರವರಿಂದ ಅಂಬಿಗನಿಗೆ ಪ್ರತಿ ಸಲ ಕಾಸಿಲ್ಲ; ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರುತ್ತಿದ್ದ. ಭರತ ಹುಣ್ಣಿಮೆಗೆ ಆಚೆ ದಡದ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಕೇಳಲು ಈ ಕಡೆಯಿಂದ ಜನ ಹೊಳೆ ದಾಟುವ ಕಾಲ ಅವನ ಸುಗ್ಗಿ. ಈಗ ಬಸ್ಸು ಬೈಕುಗಳು ಸುತ್ತುಬಳಸಿನ ದಾರಿಯನ್ನೇ ಹತ್ತಿರ ಮಾಡಿವೆ. ಹರಿಗೋಲಿಗೆ ಉಳಿದಿರುವುದು ಮುಖ್ಯವಾಗಿ ಮೀನುಗಾರಿಕೆ. ಸಂಜೆ ಬಲೆ ಇಳಿಬಿಟ್ಟು ಬೆಳಗ್ಗೆ ಎತ್ತುವುದು, ಗೆಂಡೆ, ಬಾಳೆಮೀನು, ಹಾವುಮೀನು ಸಿಕ್ಕಷ್ಟು.

ಬಲೆ ಹರಿಯುವ ಇನ್ನೊಬ್ಬ ಮೀನುಗಾರ ನೀರುನಾಯಿ. ಮೀನುಗಾರರಿಗೆ ಅದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಆದರೆ ನೀರುನಾಯಿ ಇರುವ ಕಡೆ ಮೀನಿದೆ, ಮೀನಿರುವ ಕಡೆ ನೀರಿಗೆ ಜೀವವಿದೆ. ಕೆಳಗೆ ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆ ಮರಿ ಹಾಕಲು ದಂಡೆಯ ಪೊದೆ, ಬಂಡೆಯ ಸಂದು ಬೇಕು, ಮೈ ಒರೆಸಿಕೊಳ್ಳಲು ಮರಳು ಬೇಕು. ಆ ಮರಳು ಹಾವೇರಿ ಜಿಲ್ಲೆಯ ದಂಡೆಯಿಂದ ಲಾರಿಗಟ್ಟಲೆ ಎದ್ದುಹೋಗಿದೆ. ಮರಳು ಬೇಸಿಗೆಯಲ್ಲಿ ನೀರನ್ನು ತನ್ನೊಳಗೆ ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಒದಗಿಸುತ್ತದೆ, ಮೇಲಿನ ಕಾಡು ಮಾಡುವ ಕೆಲಸವನ್ನೇ ಇಲ್ಲಿ ಮರಳು ಮಾಡುತ್ತದೆ. ಅದು ಹೋದಲ್ಲಿ ಆಳದ ಗುಂಡಿಗಳು ಉಳಿದಿವೆ. ಈಜು ಬಲ್ಲ ಹುಡುಗರೂ ಮೋಸ ಹೋಗುವುದು ಇಂಥ ಗುಂಡಿಗಳಲ್ಲೇ. ತಂದೆತಾಯಂದಿರು ಮಕ್ಕಳನ್ನು ಹೊಳೆಗೆ ಕರೆತರುವಾಗ ಇದನ್ನು ಮರೆಯುವಂತಿಲ್ಲ. ಹರಿಗೋಲು ಹತ್ತುವಾಗ ತೇಲುವ ಜಾಕೀಟು ಇರಲಿ, ಹೊಳೆ ತುಂಬಿದ ದಿನಗಳಲ್ಲಿ ಹತ್ತುವ ಆಸೆಯೇ ಬೇಡ. ಅಂಬಿಗರ ಮನೆಯ ಮಕ್ಕಳೂ ಆಗ ನೀರಿಗಿಳಿಯುವುದಿಲ್ಲ.

ಮೇ ತಿಂಗಳ ಕೊನೆಗೆ ಹೊಳೆ ಬಂಡೆಗಳ ನಡುವಿನ ಮಡುವುಗಳಾಗಿ ಉಳಿದಿರುತ್ತದೆ. ದಡದ ಜಾಲಿ ಮರದ ಕೆಳಗೆ ಹರಿಗೋಲುಗಳು ಬೋರಲು ಬಿದ್ದಿರುತ್ತವೆ. ಹಳೆಯ ಡಾಂಬರು ಕೆರೆದು ಹೊಸದು ಬಳಿಯುವ ವಾಸನೆ ಊರಿಗೆಲ್ಲ ಬಡಿಯುತ್ತದೆ. ಆಮೇಲೊಂದು ದಿನ ಗಾಜನೂರಿನಲ್ಲಿ ಗೇಟು ತೆಗೆದರಂತೆ ಎಂಬ ಸುದ್ದಿ ಬರುತ್ತದೆ. ಆ ಅಣೆಕಟ್ಟು ಸಣ್ಣದು. ಆಗುಂಬೆ, ಶೃಂಗೇರಿಯ ಕಡೆ ನಾಲ್ಕು ದಿನ ಜೋರು ಮಳೆಯಾದರೆ ತುಂಬಿಬಿಡುತ್ತದೆ. ದಂಡೆಯ ಪಂಪ್‌ಸೆಟ್ಟುಗಳನ್ನು ರೈತರು ಅವಸರದಿಂದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಮರುದಿನವೋ ಮೂರನೆಯ ದಿನವೋ ನೊರೆ ಹೊತ್ತ ಕೆಂಪು ನೀರು ಕಲ್ಲಿನಿಂದ ಕಲ್ಲಿಗೆ ಹಬ್ಬುತ್ತ ಬರುತ್ತದೆ. ಅದರ ಮುಂದೆ ಮುಂದೆ ಮಲೆನಾಡಿನ ತರಗು, ಬಿದಿರಿನ ತುಂಡು, ಯಾವುದೋ ಮರದ ಕಾಯಿ. ಮಕ್ಕಳು ದಡದಲ್ಲಿ ನಿಂತು ಅವನ್ನು ಕೋಲಿನಿಂದ ಎಳೆದು ಹಾಕುತ್ತಾರೆ. ದೊಡ್ಡವರು ಸೌದೆಗೆ ಬರುವ ಕಟ್ಟಿಗೆಗಾಗಿ ಕಾಯುತ್ತಾರೆ.